ಐದು ಮಿಲಿಓಮ್ ಮತ್ತು ಒಂದು ಸುಳ್ಳು ತರ್ಜುಮೆ

"ಸರ್, ಈ ಕರೀ ತುಣುಕಿನ ಎರಡೂ ಕಡೆ ಮೀಟರಿನ ಕಡ್ಡಿ ಇಟ್ರ ಬೀಪ್ ಅಂತದ. ಬರೇ ತಂತಿ ಇದ್ದಂಗ. ಮತ್ತ ಇದನ್ನ ಯಾಕ ಹಾಕ್ತೀವ್ರಿ?"

ಆ ಸಾಲಿನಲ್ಲಿ ಕೂತು ಬೆಸುಗೆ ಹಾಕುತ್ತಿದ್ದ ಹೆಂಗಸರಲ್ಲಿ ನನ್ನನ್ನು ಇಂಥ ಪ್ರಶ್ನೆ ಕೇಳಿದವರು ಅವರೊಬ್ಬರೇ. ಠಾಣೆಯ ಹತ್ತಿರ ರಬಾಳೆಯಲ್ಲಿರುವ ನಮ್ಮ ಕಾರ್ಖಾನೆ ಚಿಕ್ಕದು. ಕೆಳಗೆ ಗೋಡೌನು, ಮೇಲಿನ ಮಹಡಿಯಲ್ಲಿ ಉದ್ದನೆಯ ಮೇಜು, ಮೇಜಿನ ಎರಡೂ ಬದಿಗೆ ಹತ್ತು ಹನ್ನೆರಡು ಹೆಂಗಸರು, ಮೂಲೆಯಲ್ಲಿ ಗಾಜಿನ ಗೋಡೆಯ ಒಂದು ಎ.ಸಿ. ಕೋಣೆ. ಆ ಕೋಣೆ ನನ್ನದು. ಬೋರ್ಡುಗಳ ನಕ್ಷೆ ಬರೆಯುವುದು, ಮೊದಲ ಮಾದರಿ ಮಾಡಿ ಪರೀಕ್ಷಿಸುವುದು ನನ್ನ ಕೆಲಸ. ಕೇಳಿದಾಕೆ ರಾಯಚೂರಿನ ಕಡೆಯವರು. ಗಂಡ ಕಟ್ಟಡದ ಕೆಲಸಕ್ಕೆಂದು ಬಂದಾಗ ಜೊತೆಗೆ ಬಂದು, ಹತ್ತಿರದ ದಿಘಾದಲ್ಲಿ ಮನೆ ಮಾಡಿ, ಆತ ತೀರಿಹೋದ ಮೇಲೂ ಇಲ್ಲೇ ಉಳಿದವರು. ಮೇಜಿನ ಉಳಿದ ಹೆಂಗಸರಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ನಾನು ಅಕ್ಕ ಎನ್ನುತ್ತಿದ್ದೆ.

ನನ್ನ ಬಾಯಲ್ಲಿ ಕನ್ನಡ ಕೇಳಿದ ದಿನ ಅವರಿಗಾದ ಸಂತೋಷ ನನಗೇ ಸಂಕೋಚ ತರುವಷ್ಟಿತ್ತು. "ನಮ್ಮ ಭಾಷೀಯವ್ರು ಗಾಜಿನ ಖೋಲ್ಯಾಗ ಕುಂತಾರ ನೋಡ್ರವಾ" ಎಂದು ಹೇಳಿ, ಅದನ್ನೇ ಇಡೀ ಮೇಜಿಗೆ ಹಿಂದಿಯಲ್ಲೂ ತಿಳಿಸಿದರು. ನನ್ನ ಕನ್ನಡ ಅವರದಲ್ಲ. ಅಪ್ಪ ಠಾಣೆಯ ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಕನ್ನಡ ಎಂದರೆ ಏಳನೆಯ ಕ್ಲಾಸಿನವರೆಗೆ ಓದಿದ ಶಾಲೆಯದು. ಆದರೂ ಆ ಮೇಜಿನ ಬಳಿ ನಾವಿಬ್ಬರು ಒಂದು ಊರಿನವರ ಹಾಗೆ ಮಾತಾಡುತ್ತಿದ್ದೆವು.

ಪ್ರಶ್ನೆಗೆ ಉತ್ತರ ಹೇಳಲು ಅಂದು ನಾನು ಸ್ಟೂಲು ಎಳೆದುಕೊಂಡು ಕೂತೆ. ನಾವು ಮಾಡುತ್ತಿದ್ದದ್ದು ಬಸ್ಸುಗಳ ಒಳಗೆ ಕೂರಿಸುವ ಬೋರ್ಡು. ಬಸ್ಸಿನ ಬ್ಯಾಟರಿಯ ಇಪ್ಪತ್ನಾಲ್ಕು ವೋಲ್ಟನ್ನು ಫ್ಯಾನುಗಳಿಗೆ ಬೇಕಾದ ಹನ್ನೆರಡಕ್ಕೆ ಇಳಿಸುವುದು ಅದರ ಕೆಲಸ. ಇಳಿಸುವ ಬಗೆ ಹೇಗೆಂದರೆ, ಬೋರ್ಡಿನ ಮೇಲೆ ಒಂದು ಸ್ವಿಚ್ ಇದೆ, ಅದು ನಲ್ಲಿಯಂತೆ ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಸಲ ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವುದು ಪಕ್ಕದ ಕಂಟ್ರೋಲರ್ ಚಿಪ್ಪು. ಆದರೆ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದು ಚಿಪ್ಪಿಗೆ ತಾನಾಗಿ ತಿಳಿಯುವುದಿಲ್ಲ, ಅದಕ್ಕೆ ಅರ್ಥವಾಗುವುದು ವೋಲ್ಟೇಜು ಮಾತ್ರ. ಆದ್ದರಿಂದ ಕರೆಂಟು ಹೋಗುವ ದಾರಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರು ಇಡುತ್ತೇವೆ. ಅದರ ತಡೆ ಐದು ಮಿಲಿಓಮ್, ಅಂದರೆ ಒಂದು ಓಮನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು. ಕೈಯಲ್ಲಿ ಹಿಡಿಯುವ ಮೀಟರಿಗೆ ಅದು ಬರೀ ತಂತಿಯೇ. ಆದರೆ ಅದರೊಳಗೆ ಜೋರಾಗಿ ಕರೆಂಟು ಹಾಯ್ದಾಗ ಎರಡು ತುದಿಗಳ ನಡುವೆ ಕೆಲವೇ ಮಿಲಿವೋಲ್ಟುಗಳ ವ್ಯತ್ಯಾಸ ಹುಟ್ಟುತ್ತದೆ. ಚಿಪ್ಪು ಅದನ್ನು ಓದಿ ಪ್ರತಿ ಸಲ ಸ್ವಿಚ್ಚನ್ನು ಯಾವಾಗ ಮುಚ್ಚಬೇಕೆಂದು ತೀರ್ಮಾನಿಸುತ್ತದೆ. ಒಂದು ಫ್ಯಾನು ಜಾಮಾಗಿ ಕರೆಂಟು ಮಿತಿ ಮೀರಿದರೆ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಅದಿಲ್ಲದಿದ್ದರೆ ಬೋರ್ಡು ಸುಟ್ಟುಹೋಗುತ್ತದೆ.

ಅವರು ಗಮನವಿಟ್ಟು ಕೇಳಿ, "ನಾಡಿ ಹಿಡದಂಗ ಅನ್ರಿ" ಎಂದರು.

ಹೌದು ಎಂದೆ. ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು. ಕಲಿಸಬಲ್ಲವನು ನಾನು, ಕಲಿಯುವವರು ಅವರು ಎಂಬ ಭಾವನೆ ನನ್ನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮುಂದೆ ಅವರು ನನಗೆ ಕಲಿಸಲು ಬಂದಾಗ ಅದು ಕಲಿಸುವುದು ಎಂದೇ ತಿಳಿಯಲಿಲ್ಲ.

ಆ ಬೋರ್ಡಿನ ನಕ್ಷೆಯಲ್ಲಿ ಒಂದು ತಪ್ಪು ಮಾಡಿದ್ದೆ. ಮಿಲಿವೋಲ್ಟುಗಳನ್ನು ಚಿಪ್ಪಿಗೆ ಒಯ್ಯುವ ಎರಡು ಸಣ್ಣ ಗೆರೆಗಳನ್ನು ರೆಸಿಸ್ಟರಿನ ಬುಡದಿಂದಲೇ, ಅದರ ಒಳಬದಿಯಿಂದಲೇ ಎಳೆಯಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಡಿಪ್ಲೊಮಾದ ಹುಡುಗರೂ ಓದುವ ವಿಷಯ. ಆದರೆ ಅಲ್ಲಿ ಒಂದು ಕೆಪಾಸಿಟರು ಅಡ್ಡ ಬರುತ್ತಿತ್ತು. ನಕ್ಷೆ ಆ ವಾರವೇ ಹೋಗಬೇಕಿತ್ತು. ಒಂದು ಸೆಂಟಿಮೀಟರು ಆಚೆಯಿಂದ ಎಳೆದರೆ ಏನಾದೀತು ಎಂದುಕೊಂಡು ಎಳೆದುಬಿಟ್ಟೆ. ಆ ಒಂದು ಸೆಂಟಿಮೀಟರು ತಾಮ್ರದ ಪಟ್ಟಿಗೂ ತನ್ನದೇ ತಡೆಯಿದೆ. ರೆಸಿಸ್ಟರೇ ಐದು ಮಿಲಿಓಮ್ ಇರುವಾಗ ಪಟ್ಟಿಯ ಒಂದು ಮಿಲಿಓಮ್ ಸಣ್ಣದಲ್ಲ. ಚಿಪ್ಪು ಎರಡನ್ನೂ ಸೇರಿಸಿ ಓದುತ್ತದೆ, ಇರುವುದಕ್ಕಿಂತ ಹೆಚ್ಚು ಕರೆಂಟು ಹರಿಯುತ್ತಿದೆ ಎಂದು ತಪ್ಪು ತಿಳಿಯುತ್ತದೆ. ತಾಮ್ರ ಬಿಸಿಯಾದಷ್ಟೂ ಅದರ ತಡೆ ಏರುತ್ತದೆ, ತಪ್ಪೂ ಬೆಳೆಯುತ್ತದೆ. ಈ ಲೆಕ್ಕವನ್ನೆಲ್ಲ ನಾನು ಹಾಕಿದ್ದು ಬಹಳ ಆಮೇಲೆ.

ಏಪ್ರಿಲಿನಲ್ಲಿ ದೂರುಗಳು ಬರತೊಡಗಿದವು. ಬಸ್ಸು ಹೊರಟು ಅರ್ಧ ಗಂಟೆಯಲ್ಲಿ ಎಲ್ಲ ಫ್ಯಾನೂ ಒಟ್ಟಿಗೆ ನಿಲ್ಲುತ್ತವೆ, ಮಧ್ಯಾಹ್ನವೇ ಹೆಚ್ಚು. ಶಾಲೆಯ ಮಕ್ಕಳನ್ನು ಒಯ್ಯುವ ಬಸ್ಸುಗಳೂ ಇದ್ದವು. ವಾಪಸು ಬಂದ ಬೋರ್ಡುಗಳನ್ನು ಎ.ಸಿ. ಕೋಣೆಯಲ್ಲಿ ಹಚ್ಚಿದರೆ ಇಡೀ ದಿನ ಸುಮ್ಮನೆ ಓಡುತ್ತಿದ್ದವು. ನಾವು ಕಳಿಸಿದವುಗಳಲ್ಲಿ ಕೆಲವು ಬೋರ್ಡುಗಳು ಮಾತ್ರ ಬಸ್ಸಿನ ಬಿಸಿಲಲ್ಲೂ ನಿಲ್ಲುತ್ತಿರಲಿಲ್ಲ. ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಅಕ್ಕನಿಗೆ. ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದವರು ಗಾಜಿನ ಬಾಗಿಲು ಬಡಿದರು. ಕೈಯಲ್ಲಿ ಎರಡು ಬೋರ್ಡುಗಳು.

"ಸರ್, ಒಂದು ಮಾತು ಹೇಳ್ಲೇನ್ರಿ? ತಿರುಗಿ ಬಂದ ಮಾಲು ನೋಡಿದೆ. ಕರೀ ತುಣುಕಿನ ಬಾಜೂಕ ಈ ತಾಮ್ರದ ಪಟ್ಟಿ ಬತ್ತಲ ಅದ ಅಲ್ರಿ, ಹಸರು ಬಣ್ಣ ಇಲ್ಲ. ಅದರ ಮ್ಯಾಲ ಬೆಸುಗಿ ಹರದು ದಪ್ಪ ಕುಂತಿದ್ದು ಒಂದೂ ತಿರುಗಿ ಬಂದಿಲ್ರಿ. ಸಾಫ್ ಇದ್ದದ್ದು ಎಲ್ಲಾ ಬಂದಾವ. ನನಗ ಅನಸ್ತದ, ತಪ್ಪು ತುಣುಕಿಂದಲ್ಲ, ಈ ಪಟ್ಟೀದು."

ಅವರು ಹೇಳಿದ್ದು ಪೂರ್ತಿ ನಿಜವಾಗಿತ್ತು. ಬೆಸುಗೆ ದಪ್ಪಗೆ ಕೂತ ಪಟ್ಟಿಯ ತಡೆ ಕಡಿಮೆಯಾಗುತ್ತದೆ, ಚಿಪ್ಪಿನ ಓದು ಸರಿಯ ಹತ್ತಿರ ಬರುತ್ತದೆ. ಯಾವ ಉಪಕರಣವೂ ಇಲ್ಲದೆ ಬರಿಗಣ್ಣಿನಿಂದ ಅವರು ನನ್ನ ತಪ್ಪಿನ ಮೇಲೆ ಬೆರಳಿಟ್ಟಿದ್ದರು. ನಾನು ಬೋರ್ಡುಗಳನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಅರ್ಧ ಗಂಟೆಯ ಹಿಂದಷ್ಟೇ ಮಾಲೀಕರು ಫೋನಿನಲ್ಲಿ ಗದರಿದ್ದರು, ಮನಸ್ಸು ಕೆಟ್ಟಿತ್ತು.

"ಅಕ್ಕಾ, ಅಲ್ಲಿ ಬೆಸುಗೆ ಹರಿಯಲೇಬಾರದು. ಒಬ್ಬೊಬ್ಬರು ಒಂದೊಂದು ಥರ ಹಾಕಿದರೆ ಹೀಗೇ ಆಗುವುದು. ಎಲ್ಲದಕ್ಕೂ ಒಂದೇ ಸಮ ಹಾಕಿ, ಸಾಕು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ."

"ಹಂಗಂತೀರಾ?" ಎಂದು ಕೇಳಿ ಅವರು ಬೋರ್ಡುಗಳನ್ನು ಎದೆಗೆ ಒತ್ತಿಕೊಂಡು ಹೋದರು.

ವಾರದೊಳಗೆ ಮಾಲೀಕರು ಬಂದರು. ಅರವತ್ತು ದಾಟಿದ ಮರಾಠಿ ಮನುಷ್ಯ, ತಾವೂ ಒಂದು ಕಾಲದಲ್ಲಿ ಬೆಸುಗೆ ಹಾಕಿದವರು, ಕೆಟ್ಟವರಲ್ಲ. ಮೇಜಿನ ತುದಿಯಲ್ಲಿ ನಿಂತು ಕಾರಣವೇನೆಂದು ನನ್ನನ್ನು ಕೇಳಿದರು. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ನಾನು, ಬೆಸುಗೆಯ ಅಳತೆ ಒಂದೇ ಸಮ ಇಲ್ಲ, ಕೈಕೆಲಸದ ದೋಷ ಎಂದೆ. ಆ ಭಾಗದ ಬೆಸುಗೆ ಹೆಚ್ಚಾಗಿ ಯಾರು ಹಾಕುವುದು ಎಂದು ಅವರು ಕೇಳಿದರು. ಇಡೀ ಮೇಜು ಅಕ್ಕನ ಕಡೆ ತಿರುಗಿತು.

ಅಕ್ಕನಿಗೆ ಹಿಂದಿ ಬರುತ್ತಿತ್ತು. ಆದರೆ ಅವರು ಹಿಂದಿಯಲ್ಲಿ ಮಾಲೀಕರಿಗೆ ಉತ್ತರ ಕೊಡಲಿಲ್ಲ. ನನ್ನ ಮುಖ ನೋಡಿ ಕನ್ನಡದಲ್ಲಿ ಕೇಳಿದರು.

"ಸರ್, ನಾ ನಿಮಗ ಬಂದು ಹೇಳಿದ್ದೆ ಅಲ್ರೀ? ಪಟ್ಟೀದು ತಪ್ಪದ ಅಂತ ತೋರಿಸಿದ್ದೆ ಅಲ್ರೀ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹೌದು ಎನ್ನುತ್ತೇನೆ ಎಂದು ಅವರು ನಂಬಿದ್ದರು.

ಮಾಲೀಕರು ನನ್ನತ್ತ ತಿರುಗಿ, "ಕ್ಯಾ ಬೋಲ್ ರಹೀ ಹೈ?" ಎಂದರು. ಏನು ಹೇಳುತ್ತಿದ್ದಾಳೆ?

"ಮಾಫಿ ಮಾಂಗ್ ರಹೀ ಹೈ, ಸರ್" ಎಂದೆ ನಾನು. ಕ್ಷಮೆ ಕೇಳುತ್ತಿದ್ದಾಳೆ.

ಯೋಚಿಸಿ ಹೇಳಿದ್ದಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಹಾಗೆ ಹೇಳುವುದಿಲ್ಲ. ಆ ಕ್ಷಣದಲ್ಲಿ ಯೋಚಿಸಲು ಸಮಯವಿತ್ತು. ಅವರು ನನಗೆ ಬಂದು ಹೇಳಿದ್ದರು ಎಂಬುದು ಹೊರಬಿದ್ದರೆ ನನ್ನ ಗತಿ ಏನು ಎಂದು ನಾನು ಲೆಕ್ಕ ಹಾಕಿದ್ದೆ. ಆ ಮಹಡಿಯಲ್ಲಿ ಅವರ ಮಾತು ತಿಳಿಯುವವನು ನಾನೊಬ್ಬನೇ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಅಕ್ಕ ಬೆಸುಗೆ ಕಡ್ಡಿಯನ್ನು ಅದರ ಸ್ಟ್ಯಾಂಡಿನಲ್ಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನನ್ನೇ ನೋಡಿದರು. ಮಾಲೀಕರು ದಯೆ ತೋರಿದವರಂತೆ, ಸರಿ, ಇನ್ನು ಮೇಲೆ ಪ್ಯಾಕಿಂಗಿಗೆ ಹಾಕಿ, ಕೆಲಸದಿಂದ ತೆಗೆಯುವುದು ಬೇಡ ಎಂದರು. ಅಕ್ಕ ಕೆಳಗೆ ಗೋಡೌನಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಹಚ್ಚುವ ಕೆಲಸಕ್ಕೆ ಹೋದರು. ನನ್ನೊಂದಿಗೆ ಮತ್ತೆ ಕನ್ನಡದಲ್ಲಿ ಮಾತಾಡಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ "ನಮಸ್ತೆ ಸಾಬ್" ಎಂದು ಹಿಂದಿಯಲ್ಲಿ ಹೇಳಿ ಗೋಡೆಗೆ ಸರಿದು ನಿಲ್ಲುತ್ತಿದ್ದರು. ಮಳೆಗಾಲ ಶುರುವಾಗುವ ಮೊದಲೇ ಬರುವುದು ನಿಲ್ಲಿಸಿದರು.

ಅವರ ಜಾಗಕ್ಕೆ ಬಂದ ಹೆಂಗಸು ನನ್ನ ಮಾತಿನಂತೆ ಒಂದೇ ಸಮ, ಸಾಫಾಗಿ ಬೆಸುಗೆ ಹಾಕಿದಳು. ಅವಳು ಮಾಡಿದ ಮೊದಲ ಪೆಟ್ಟಿಗೆಯ ಬೋರ್ಡುಗಳು ಹೆಚ್ಚುಕಡಿಮೆ ಎಲ್ಲವೂ ವಾಪಸು ಬಂದವು. ಆಗ ನಾನು ಎ.ಸಿ. ನಿಲ್ಲಿಸಿ, ಒಂದು ಬೋರ್ಡನ್ನು ರಟ್ಟಿನ ಡಬ್ಬಿಯಲ್ಲಿ ಮುಚ್ಚಿ ಬಿಸಿಯೇರಿಸಿ, ರೆಸಿಸ್ಟರಿನ ಎರಡು ತುದಿಗಳ ನಡುವಿನ ಮಿಲಿವೋಲ್ಟು ಅಳೆದೆ. ಆಮೇಲೆ ಚಿಪ್ಪಿನ ಕಾಲುಗಳ ಮೇಲೆ ಅಳೆದೆ. ಎರಡೂ ಒಂದೇ ಇರಬೇಕಿತ್ತು, ಇರಲಿಲ್ಲ. ಮತ್ತೊಮ್ಮೆ ಅಳೆದೆ. ಆಮೇಲೆ ಬೆಸುಗೆ ಕಡ್ಡಿ ಹಿಡಿದು ಬತ್ತಲೆ ಪಟ್ಟಿಯ ಮೇಲೆ ದಪ್ಪಗೆ ಬೆಸುಗೆ ಹರಿಸಿದೆ. ಅಂತರ ಕಣ್ಣೆದುರಿಗೇ ಕುಗ್ಗಿತು.

 ನಕ್ಷೆ ತೆರೆದು, ಕೆಪಾಸಿಟರನ್ನು ಅತ್ತ ಸರಿಸಿ, ರೆಸಿಸ್ಟರಿನ ಬುಡದ ಒಳಬದಿಯಿಂದ ಎರಡು ಗೆರೆ ಎಳೆದೆ. ಒಂದು ಗಂಟೆಯ ಕೆಲಸ. ಹೊಸ ಬೋರ್ಡುಗಳು ಒಂದೂ ನಿಲ್ಲಲಿಲ್ಲ. ಮಾಲೀಕರು ಪೇಢೆ ತರಿಸಿ ಹಂಚಿದರು, ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನು ಪೇಢೆ ತಿಂದೆ. ಅಂದು ಕೂಡ ಬಾಯಿ ಬಿಡಲಿಲ್ಲ.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ಕಳೆಯಿತು. ದಿನವೂ ನನ್ನ ಮನೆಯಿರುವ ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ರಬಾಳೆ. ಅಕ್ಕನ ಮನೆಯಿದ್ದ ದಿಘಾ ಸ್ಟೇಷನ್ನಿನಲ್ಲಿ ಬಾಗಿಲ ಬಳಿ ನಿಂತಿದ್ದರೆ ಒಳಕ್ಕೆ ಸರಿದು ಮೊಬೈಲು ನೋಡುತ್ತಿದ್ದೆ. ಒಂದು ಸಂಜೆ ಅಡುಗೆ ಕಟ್ಟೆಯ ಬಳಿ ನಿಂತು ಹೆಂಡತಿಗೆ ಎಲ್ಲ ಹೇಳಿಬಿಟ್ಟೆ.  ಅವಳು ಕೊತ್ತಂಬರಿ ಹೆಚ್ಚುವುದನ್ನು ನಿಲ್ಲಿಸಿ ತುಳುವಿನಲ್ಲಿ ಒಂದೇ ಮಾತು ಕೇಳಿದಳು, ಅವರಿಗೆ ಹೋಗಿ ಹೇಳಿದಿರಾ ಎಂದು. ಇಲ್ಲ ಎಂದೆ. "ನನಗೆ ಹೇಳಿ ಏನು ಪ್ರಯೋಜನ?" ಎಂದು ಮತ್ತೆ ಹೆಚ್ಚತೊಡಗಿದಳು.

ಮೇಜಿನ ಹೆಂಗಸೊಬ್ಬಳಲ್ಲಿ ವಿಳಾಸ ಕೇಳಿದೆ. ಅವಳು ಒಂದು ಗಳಿಗೆ ನನ್ನನ್ನು ಅಳೆದು ನೋಡಿ, ಮೌಶಿ ಈಗ ಕಲ್ಯಾಣ್ ಪೂರ್ವದಲ್ಲಿ ಮಗಳ ಮನೆಯ ಹತ್ತಿರ ಇದ್ದಾಳೆ, ಗಾಲಾ ಎನ್ನುವ ಒಂದೇ ಶಟರಿನ ಸಣ್ಣ ಕಾರ್ಖಾನೆಯಲ್ಲಿ ಬಲ್ಬಿನ ಬೋರ್ಡುಗಳಿಗೆ ತಂತಿಯ ಸುರುಳಿ ಸುತ್ತುವ ಕೆಲಸ ಮಾಡುತ್ತಾಳೆ ಎಂದಳು. ಒಂದು ಭಾನುವಾರ ಬೆಳಿಗ್ಗೆ ಹೋದೆ. ಡೊಂಬಿವಲಿಯಿಂದ ಕಲ್ಯಾಣ್ ಎರಡೇ ಸ್ಟೇಷನ್. ಇಷ್ಟು ಹತ್ತಿರ ಇದ್ದರು.

ಅವರು ವಠಾರದಂಥ ಚಾಳಿನ ಹೊರಗೆ ನಲ್ಲಿಯ ಬಳಿ ಪಾತ್ರೆ ತಿಕ್ಕುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಬರ್ರಿ" ಎಂದರು. ಕನ್ನಡದಲ್ಲಿ. ಒಳಗೆ ಕೂರಿಸಿ ನೀರು ಕೊಟ್ಟರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದನ್ನು ನಾನು ಹೇಳಿದೆ. ಪಟ್ಟಿಯ ತಡೆ, ನನ್ನ ನಕ್ಷೆಯ ತಪ್ಪು, ನೀವು ಹೇಳಿದ್ದು ಸರಿಯಾಗಿತ್ತು, ಅಳೆದು ನೋಡಿದ್ದೇನೆ, ಇಷ್ಟು ಮಿಲಿವೋಲ್ಟು ಅಂತರ ಇತ್ತು. ಅವರು ಕೊನೆಯವರೆಗೂ ಕೇಳಿದರು.

"ಅದು ನನಗ ಅವತ್ತೇ ಗೊತ್ತಿತ್ರಿ. ಅದನ್ನ ಹೇಳಾಕ ನೀವು ಇಷ್ಟು ದೂರ ಬರಾದು ಬ್ಯಾಡಿತ್ತು."

ನಾನು ತಲೆ ತಗ್ಗಿಸಿದೆ.

"ನಾ ಮಾಫಿ ಕೇಳಿದೆ ಅಂತ ಹೇಳಿದ್ರಿ ನೀವು. ನಾ ಯಾರಿಗೂ ಮಾಫಿ ಕೇಳಿಲ್ರಿ. ತಪ್ಪು ಮಾಡಿದ್ರ ಕೇಳ್ತಿದ್ದೆ. ನನ್ನ ಬಾಯಾಗ ಇಲ್ಲದ ಮಾತು ನನ್ನ ಹೆಸರಿಗೆ ಹಚ್ಚಿ ಆ ಮಂದಿ ಮುಂದ ಇಟ್ರಿ. ಅದು ಅಲ್ಲೇ ಅದ ಇನ್ನಾ. ಅದನ್ನ ಹೋಗಿ ತಗೀರಿ."

"ನನ್ನನ್ನು ಕ್ಷಮಿಸಿ ಅಕ್ಕಾ" ಎಂದೆ.

"ಮೊದಲ ಅದನ್ನ ತಗೀರಿ. ಆಮ್ಯಾಲ ನೋಡೋಣ" ಎಂದು ಅವರು ಎದ್ದರು. ಪಾತ್ರೆಗಳು ಹಾಗೇ ಬಿದ್ದಿದ್ದವು.

ಸೋಮವಾರ ಮಾಲೀಕರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ ಹೇಳಿದೆ. ನಕ್ಷೆಯ ತಪ್ಪು ಹೇಳಿದಾಗ ಅವರು, ಎಲ್ಲರಿಂದಲೂ ಆಗುತ್ತದೆ ಎಂಬಂತೆ ಕೈ ಬೀಸಿದರು. ತರ್ಜುಮೆಯ ವಿಷಯ ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ನನ್ನಿಂದ ಆ ಹೆಂಗಸಿಗೆ ಅನ್ಯಾಯ ಮಾಡಿಸಿದೆ" ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಅವಳು ಬರುವುದಾದರೆ ಅವಳ ಜಾಗ ಅವಳಿಗೆ ಎಂದೂ ಹೇಳಿದರು. ಹೊರಬಂದು ಅಕ್ಕನಿಗೆ ಫೋನು ಮಾಡಿದೆ. ಆಯಿತು, ಹೇಳಿದೆ ಎಂದೆ.

"ಯಾರ‍್ಯಾರ ಮುಂದ?"

"ಸಾಹೇಬರ ಮುಂದೆ."

"ಅವತ್ತು ಸಾಹೇಬ್ರು ಒಬ್ರೇ ಇದ್ರೇನು?" ಎಂದು ಕೇಳಿ ಫೋನು ಇಟ್ಟರು.

ಅದಾದ ಮೇಲೂ ನಾಲ್ಕು ದಿನ ತಡಮಾಡಿದೆ. ಶುಕ್ರವಾರ ಮಧ್ಯಾಹ್ನ ಹೆಂಗಸರು ಮೇಜಿನ ಮೇಲೆ ಪೇಪರು ಹಾಸಿ ಡಬ್ಬಿ ಬಿಚ್ಚಿದಾಗ ಗಾಜಿನ ಬಾಗಿಲು ತೆರೆದು ಹೊರಗೆ ಬಂದು ನಿಂತೆ. ಹಿಂದಿಯಲ್ಲಿ ಹೇಳಿದೆ. ಆ ದಿನ ಮೌಶಿ ಮಾಫಿ ಕೇಳಿರಲಿಲ್ಲ. ತಪ್ಪು ಎಲ್ಲಿದೆ ಎಂದು ನನಗೆ ಮೊದಲೇ ತೋರಿಸಿಕೊಟ್ಟಿದ್ದಳು. ತಪ್ಪು ನನ್ನದು. ಅವಳ ಮಾತನ್ನು ನಾನು ಬದಲಾಯಿಸಿ ಹೇಳಿದೆ.  

ಮುಗಿದ ಮೇಲೆ ಮೇಜಿನ ಕೊನೆಯಲ್ಲಿ ಕೂತಿದ್ದ ಹಿರಿಯ ಹೆಂಗಸು, ಜಳಗಾಂವ್ ಕಡೆಯವಳು, ರೊಟ್ಟಿ ಮುರಿಯುತ್ತಲೇ ಹೇಳಿದಳು. "ಗೊತ್ತಿದೆ ಸರ್. ಮಾಫಿ ಕೇಳುವಾಗ ಮೌಶಿಯ ಮುಖ ಹೇಗಿರುತ್ತದೆ ಎಂದು ನಮಗೆ ಗೊತ್ತಿಲ್ಲವೇ? ಅವತ್ತಿನದು ಆ ಮುಖವಲ್ಲ. ಪ್ಯಾಕಿಂಗಿಗೆ ಹೋದ ದಿನವೇ ನಮಗೆಲ್ಲ ಹೇಳಿದ್ದಳು, ಆ ಪಟ್ಟಿಯ ಮೇಲೆ ದಪ್ಪಗೆ ಹಾಕ್ರೇ, ಮಕ್ಕಳ ಬಸ್ಸಿಗೆ ಹೋಗುವ ಮಾಲು ಅಂತ. ಹೊಸದಾಗಿ ಬಂದವಳು ಮಾತ್ರ ನಿಮ್ಮ ಮಾತು ಕೇಳಿದಳು, ಆಮೇಲೆ ಅವಳಿಗೂ ಹೇಳಿಕೊಟ್ಟೆವು."

ಅಂದರೆ ನನ್ನ ಹೊಸ ನಕ್ಷೆ ಬರುವವರೆಗೆ ಹೊರಹೋದ ಬೋರ್ಡುಗಳನ್ನು ಓಡುವಂತೆ ಮಾಡಿದ್ದು ಅಕ್ಕ. ಕೆಳಗೆ ಟೇಪು ಹಚ್ಚುತ್ತಾ, ಮೇಲಿನ ಮೇಜಿನ ಕೈಗಳಿಂದ. ಇವರೆಲ್ಲ ಇಷ್ಟು ದಿನ ನನಗೆ ಚಹಾ ತಂದುಕೊಟ್ಟಿದ್ದರು, ದೀಪಾವಳಿಗೆ ಚಕ್ಕುಲಿ ಕೊಟ್ಟಿದ್ದರು, ಸರ್ ಎಂದು ಕರೆದಿದ್ದರು, ಎಲ್ಲ ಗೊತ್ತಿದ್ದೇ. ಆ ಮಹಡಿಯಲ್ಲಿ ಅವರ ಮಾತು ತಿಳಿದವನು ನಾನೊಬ್ಬನೇ ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳೇ. ಕನ್ನಡ ಬಾರದ ಅಷ್ಟೂ ಜನಕ್ಕೆ ತಿಳಿದಿತ್ತು. ನಾನು ಕೋಣೆಗೆ ಹೋಗಿ ಕೂತೆ. ಗಾಜಿನ ಗೋಡೆಯಾದ್ದರಿಂದ ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ.

ಸಂಜೆ ಫೋನು ಮಾಡುವ ಮೊದಲೇ ಅಕ್ಕನಿಗೆ ಸುದ್ದಿ ಹೋಗಿತ್ತು. "ಹೇಳಿದ್ರಂತ" ಎಂದರು. ಹೌದು ಎಂದೆ. ಸಾಹೇಬರು ಕರೆಯುತ್ತಿದ್ದಾರೆ, ನಿಮ್ಮ ಜಾಗ ಇದೆ ಎಂದೆ. ಬರುವುದಿಲ್ಲ ಎಂದರು. ಇಲ್ಲಿ ಮಗಳ ಮನೆ ಹತ್ತಿರ, ಗಾಡಿಯ ನೂಕುನುಗ್ಗಲು ಇಲ್ಲ, ಸುರುಳಿ ಸುತ್ತುವ ಕೆಲಸ ಕೈಗೆ ಹತ್ತಿದೆ ಎಂದರು. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಆಮೇಲೆ ಅವರೇ ಕೇಳಿದರು.

"ಹೊಸಾ ಬೋರ್ಡಿನ್ಯಾಗ ಗೆರಿ ಎಲ್ಲಿಂದ ತಗದೀರಿ?"

ರೆಸಿಸ್ಟರಿನ ಬುಡದ ಒಳಬದಿಯಿಂದ ಎಂದು ಹೇಳಿದೆ. ಎರಡೂ ಕಡೆಯಿಂದಲೂ ತೆಗೆದಿದ್ದೀರಾ ಎಂದು ವಿಚಾರಿಸಿದರು. ಎರಡೂ ಕಡೆಯಿಂದ ಎಂದೆ. "ಹ್ಞಾಂ, ಹಂಗಿರಬೇಕು" ಎಂದರು. ಹಿಂದೆ ಮೊಮ್ಮಗಳು ಏನನ್ನೋ ಮರಾಠಿಯಲ್ಲಿ ಕೂಗಿ ಕೇಳುತ್ತಿದ್ದಳು, ಅವಳಿಗೆ ಉತ್ತರ ಕೊಡಲು ಅವರು ಫೋನು ಇಟ್ಟರು.